ಲಿನಕ್ಸ್ ಯಾವ ದೇಶದ್ದು ಮಾರ್ರೆ?

ಹೋದ ವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ ಅಷ್ಟೇ, ಒಂದು ಸೊಸೈಟಿಯ ಸೆಕ್ರೆಟರಿಯವರ ಫೋನ್ ಬಂತು. "ಮಾರ್ರೆ, ನಮ್ಮ ಕಂಪ್ಯೂಟರಲ್ಲೆಲ್ಲ ಇನ್ನು ಅಪ್‌ಡೇಟ್ ಸಿಗುದಿಲ್ಲ ಅಂತ ಬರ್ತಾ ಉಂಟು, ಹನ್ನೊಂದು ಹಾಕ್ಲಿಕ್ಕೆ ನೋಡಿದ್ರೆ ಈ ಮಿಷನಿಗೆ ಆಗುದಿಲ್ಲ ಅಂತ ಹೇಳ್ತದೆ, ಎಂತ ಮಾಡೂದು?" ಈ ಫೋನ್ ಬರ್ತದೆ ಅಂತ ನನಗೆ ಗೊತ್ತಿತ್ತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕತೆ ಮುಗಿದ ಮೇಲೆ ಇಂಥ ಫೋನ್ ವಾರಕ್ಕೆ ನಾಲ್ಕಾದ್ರೂ ಬರ್ತಾ ಉಂಟು. ಅವರದ್ದು ಒಂಬತ್ತು ಕಂಪ್ಯೂಟರ್, ಎಲ್ಲಾ 2017ರಲ್ಲಿ ತೆಗೊಂಡದ್ದು, ಏಳನೇ ಜನರೇಶನ್ ಪ್ರೊಸೆಸರ್, ವಿಂಡೋಸ್ 11 ಕೇಳುದು ಎಂಟರಿಂದ ಮೇಲೆ, ಮತ್ತೆ ಟಿಪಿಎಂ 2.0 ಅಂತ ಒಂದು ಸೆಕ್ಯೂರಿಟಿ ಚಿಪ್ ಬೇರೆ. ಮಿಷನ್ ಕಲ್ಲಿನ ಹಾಗೆ ಉಂಟು, ಒಂದು ಎಸ್‌ಎಸ್‌ಡಿ ಹಾಕಿದ್ರೆ ಇನ್ನೂ ಓಡ್ತದೆ, ಆದ್ರೂ ಗುಜರಿಗೆ ಕೊಡಿ ಅಂತ ಕಂಪೆನಿ ಹೇಳಿದ ಹಾಗೆ ಆಯ್ತು. ಹೊಸ ಒಂಬತ್ತು ಅಂದ್ರೆ ಮೂರರಿಂದ ಮೂರೂವರೆ ಲಕ್ಷ ಬೇಕು.

"ಹೊಸದು ತೆಗೊಳ್ಬೇಡಿ ಸಾರ್, ಇದಕ್ಕೇ ಲಿನಕ್ಸ್ ಹಾಕಿ ಕೊಡ್ತೇನೆ" ಅಂದೆ. ವಿಂಡೋಸಿನ ಜಾಗದಲ್ಲಿ ಕಂಪ್ಯೂಟರ್ ಓಡಿಸುವ, ಧರ್ಮಕ್ಕೆ ಸಿಗುವ ಸಾಫ್ಟ್‌ವೇರ್ ಅದು. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಮೆಲ್ಲ ಕೇಳಿದ್ರು, "ಅದು ಸ್ವದೇಶಿಯಾ? ಅಲ್ಲ, ನಮ್ಮ ಅಧ್ಯಕ್ಷರು ಈ ಸಲ ಸ್ವದೇಶಿಯೇ ಆಗ್ಬೇಕು ಅಂತ ಕೂತಿದ್ದಾರೆ, ಡೆಲ್ಲಿಯವರೆಲ್ಲ ಮೈಲಿಗೆ ನಮ್ಮ ದೇಶದ ಕಂಪೆನಿ ಝೋಹೋಕ್ಕೆ ಹೋಗಿದ್ದಾರಲ್ಲ. ಲಿನಕ್ಸ್ ಯಾವ ದೇಶದ್ದು ಮಾರ್ರೆ?"

ಮಂಗ್ಳೂರಿನ ಹತ್ತಿರ ತೊಕ್ಕೊಟ್ಟಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಾ ಹದಿನೆಂಟು ವರ್ಷ ಆಯ್ತು, ವೈರಸ್ ಎಲ್ಲಿಂದ ಬಂತು ಅಂತ ಕೇಳಿದವರಿದ್ದಾರೆ, ಇಂಟರ್ನೆಟ್ ಎಷ್ಟು ಕೆಜಿ ಅಂತ ಕುಸಾಲಿಗೆ ಕೇಳಿದವರೂ ಇದ್ದಾರೆ, ಈ ಪ್ರಶ್ನೆ ಮಾತ್ರ ಯಾರೂ ಕೇಳಿರ್ಲಿಲ್ಲ. "ಬಂದು ಹೇಳ್ತೇನೆ ಸಾರ್" ಅಂತ ಫೋನ್ ಇಟ್ಟೆ. ಅವತ್ತಿಂದ ಮಂಡೆಯಲ್ಲಿ ಅದೇ ತಿರುಗ್ತಾ ಉಂಟು.

ಈ ಸೊಸೈಟಿಗೂ ನನಗೂ ಒಂದು ಹಳೇ ಲೆಕ್ಕ ಉಂಟು, ಅದನ್ನು ಮೊದ್ಲು ಹೇಳ್ಬೇಕು. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿ ನಿಂತಿತಲ್ಲ, ಆಗ ಅಲ್ಲಿ ಅಧ್ಯಕ್ಷರಾಗಿದ್ದದ್ದು ಒಬ್ಬರು ರಿಟೈರ್ಡ್ ಮಾಸ್ಟ್ರು. ಅವರಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ, ಆದ್ರೆ ಅಲ್ಲಿದ್ದದ್ದೆಲ್ಲ ಕಳ್ಳ ಕಾಪಿ ಅಂತ ನಾನು ಹೇಳಿದಾಗ ಮುಖ ಸಣ್ಣ ಮಾಡಿ "ಜನರ ದುಡ್ಡಿನ ಲೆಕ್ಕ ಕದ್ದ ಪುಸ್ತಕದಲ್ಲಿ ಬರಿಯುದಾ" ಅಂತ ಕೇಳಿದ್ರು. ಹಾಗೆ ಆರು ಕಂಪ್ಯೂಟರಿಗೆ ಉಬುಂಟು ಅಂತ ಲಿನಕ್ಸಿನದ್ದೇ ಒಂದು ಬಗೆ ಹಾಕಿದೆ, ಅಕೌಂಟ್ಸಿನ ಒಂದು ಮಿಷನ್ ಮಾತ್ರ ವಿಂಡೋಸಲ್ಲೇ ಬಿಟ್ಟದ್ದು, ಅದಕ್ಕೆ ಬೇರೆ ದಾರಿ ಇರ್ಲಿಲ್ಲ. ಪಾಸ್‌ಬುಕ್ ಪ್ರಿಂಟರ್ ಮೂರು ದಿನ ತಿಂದಿತು. ಅದಕ್ಕಿಂತ ದೊಡ್ಡ ಉಪದ್ರ ಕೊಟ್ಟದ್ದು ಕನ್ನಡ.

ಯಾಕೆ ಅಂದ್ರೆ ಹತ್ತು ಹನ್ನೊಂದು ವರ್ಷದ ಸಾಲದ ನೋಟೀಸು, ಮಹಾಸಭೆಯ ನಿರ್ಣಯ, ಸದಸ್ಯರ ಪಟ್ಟಿ ಎಲ್ಲ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು. ಗೊತ್ತಿಲ್ಲದವರಿಗೆ ಹೇಳುದಾದ್ರೆ ಅದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಒಳಗೆ ಇರುದು ಇಂಗ್ಲಿಷ್ ಅಕ್ಷರ, ಫಾಂಟ್ ಅಂತ ಒಂದು ವೇಷ ಹಾಕಿದ್ದಕ್ಕೆ ಕನ್ನಡದ ಹಾಗೆ ಕಾಣುದು, ಯಕ್ಷಗಾನದ ಸ್ತ್ರೀವೇಷದ ಹಾಗೆ. ವೇಷ ಕಳಚಿದ್ರೆ ಮೇಲೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರ ಸಾಲಾಗಿ ನಿಂತಿರ್ತದೆ. ಸಾವಿರದ ಮೇಲೆ ಫೈಲು, ಒಂದು ಕನ್ವರ್ಟರ್ ಹಿಡ್ಕೊಂಡು ಯುನಿಕೋಡಿಗೆ, ಅಂದ್ರೆ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರಕ್ಕೆ, ತಂದೆ, ರಾತ್ರಿ ಕೂತು. ಎಲ್ಲಾ ಸರಿ ಬಂತು, ಅರ್ಕಾವೊತ್ತು ಮಾತ್ರ ಕೈ ಕೊಟ್ಟಿತು. 'ಕಾರ್ಯದರ್ಶಿ' ಅಂತ ಇದ್ದದ್ದೆಲ್ಲ 'ಕಾಯರ್ದಶಿರ್'. ಹಳೇ ಫಾಂಟಲ್ಲಿ ಅರ್ಕಾವೊತ್ತನ್ನು ಅಕ್ಷರ ಆದ್ಮೇಲೆ ಒತ್ತುದು, ಯುನಿಕೋಡಲ್ಲಿ ರಕಾರ ಮೊದ್ಲು ಬರ್ಬೇಕು, ಕನ್ವರ್ಟರಿಗೆ ಅದು ಗೊತ್ತಿರ್ಲಿಲ್ಲ. ಒಂದು ನೋಟೀಸು ಹಾಗೇ ಪೋಸ್ಟಿಗೆ ಹೋಗಿ ಸೆಕ್ರೆಟರಿಯವರನ್ನು ಆರು ತಿಂಗಳು ಜನ ಕಾಯರ್ದಶಿರ್ ಅಂತಲೇ ಕರೀತಿದ್ರು. ಅದು ನನ್ನದೇ ತಪ್ಪು, ಒಪ್ಪಿಕೊಳ್ತೇನೆ.

ಆದ್ರೆ ಮತ್ತೆ ಸಮಾ ಓಡಿತು. ಕ್ಯಾಶಿನಲ್ಲಿ ಕೂರುವ ಅಕ್ಕ ಮೊದಲ ವಾರ ನನ್ನ ಮುಖ ನೋಡ್ತಿರ್ಲಿಲ್ಲ, ಎರಡು ತಿಂಗಳಲ್ಲಿ ಇಸ್ಪೀಟ್ ಆಟ ಎಲ್ಲಿ ಉಂಟು ಅಂತ ತಾನೇ ಹುಡುಕಿಕೊಂಡ್ಲು, ಅದಾದ್ಮೇಲೆ ಅವಳಿಂದ ಒಂದು ಕಂಪ್ಲೇಂಟ್ ಇಲ್ಲ. ಮೂರು ವರ್ಷ ಹಾಗೇ ಹೋಯ್ತು. 2017ರಲ್ಲಿ ಸೊಸೈಟಿ ಚುನಾವಣೆ, ಮಾಸ್ಟ್ರ ಕಡೆಯವರು ಸೋತ್ರು. ಹೊಸ ಬೋರ್ಡಿನ ಎರಡನೇ ಮೀಟಿಂಗಿನಲ್ಲೇ ಲಿನಕ್ಸ್ ತೆಗೆಯುದು ಅಂತ ಆಯ್ತು. ಏನಾದ್ರೂ ಹಾಳಾಗಿತ್ತಾ? ಇಲ್ಲ. ಆಡಿಟಿನವರಿಗೆ ಕಳಿಸಿದ ಒಂದು ಶೀಟಿನಲ್ಲಿ ಕಾಲಮ್ ಸ್ವಲ್ಪ ಆಚೀಚೆ ಆಗಿತ್ತಂತೆ, ಅದೊಂದೇ ಹೇಳಿದ್ದು. ನಿಜ ಎಂತ ಅಂದ್ರೆ ಅದಕ್ಕೆ 'ಹಳೇ ಬೋರ್ಡಿನ ಲಿನಕ್ಸ್' ಅಂತ ಹೆಸರು ಬಿದ್ದಿತ್ತು. ಗೋಡೆಯ ಪೇಂಟ್, ಕ್ಯಾಲೆಂಡರ್, ಲಿನಕ್ಸ್, ಮೂರೂ ಒಟ್ಟಿಗೆ ಬದಲಾಯ್ತು. ಈಗ ಫೋನ್ ಮಾಡಿದ್ದು ಅದೇ ಸೊಸೈಟಿ, ಆ ಒಂಬತ್ತು ಕಂಪ್ಯೂಟರ್ ಆಗ ತೆಗೊಂಡದ್ದು.

ನಾನು ಆಗ ತುಂಬ ಬೇಜಾರು ಮಾಡ್ಕೊಂಡಿದ್ದೆ. ಅದೇ ವರ್ಷ ಜರ್ಮನಿಯ ಮ್ಯೂನಿಕ್ ಸುದ್ದಿ ಓದಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು, ಅಷ್ಟು ದೊಡ್ಡ ಊರಲ್ಲೇ ಹೀಗೆ, ನಮ್ಮದೆಂತ ಅಂತ. 2003ರ ಮೇ ತಿಂಗಳಲ್ಲಿ ಆ ನಗರದ ಕೌನ್ಸಿಲ್ ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೋಗುದು ಅಂತ ತೀರ್ಮಾನ ಮಾಡಿತ್ತು. ಅದನ್ನು ತಡೀಲಿಕ್ಕೆ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಸ್ವಿಟ್ಜರ್‌ಲೆಂಡಲ್ಲಿ ಹಿಮದಲ್ಲಿ ಜಾರ್ಲಿಕ್ಕೆ ಹೋಗಿದ್ದವರು ರಜೆ ಅರ್ಧಕ್ಕೆ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಉಡೆಯನ್ನು ನೋಡ್ಲಿಕ್ಕೆ ಓಡಿ ಬಂದಿದ್ರು, ರೇಟ್ ಇಳಿಸ್ತೇನೆ ಅಂದ್ರು, ಮೇಯರ್ ಬಗ್ಗಲಿಲ್ಲ. ಹತ್ತು ವರ್ಷ ಹಿಡೀತು, 2013ರ ಹೊತ್ತಿಗೆ ಸುಮಾರು 15 ಸಾವಿರ ಕಂಪ್ಯೂಟರ್ ಲಿಮಕ್ಸ್ ಅಂತ ಅವರದ್ದೇ ಹೆಸರಿನ ಲಿನಕ್ಸಿಗೆ ಬಂತು. 2014ರಲ್ಲಿ ಮೇಯರ್ ಬದಲಾದ್ರು, ಡೀಟರ್ ರೈಟರ್ ಬಂದ್ರು, ಪಕ್ಷ ಅದೇ, ಮನುಷ್ಯ ಬೇರೆ. ಅವರು ತಾನು ಮೈಕ್ರೋಸಾಫ್ಟಿನ ಅಭಿಮಾನಿ ಅಂತ ಬಾಯಿ ಬಿಟ್ಟೇ ಹೇಳಿದವರು. 2016ರಲ್ಲಿ ಮೈಕ್ರೋಸಾಫ್ಟಿನ ಜರ್ಮನಿ ಹೆಡ್ ಆಫೀಸ್ ಪಕ್ಕದ ಊರಿಂದ ಮ್ಯೂನಿಕ್ ನಗರದ ಒಳಗೆ ಬಂತು, 2017ರಲ್ಲಿ ಕೌನ್ಸಿಲ್ ವಾಪಸ್ ವಿಂಡೋಸಿಗೆ ಹೋಗುದು ಅಂತ ಓಟ್ ಹಾಕಿತು. ಎರಡಕ್ಕೂ ಸಂಬಂಧ ಉಂಟಾ ಇಲ್ವಾ ಅಂತ ಅಲ್ಲಿಯ ಜನ ಜಗಳ ಆಡಿದ್ದು ಸಾಕಷ್ಟು. ಮತ್ತೆ 2020ರಲ್ಲಿ ಹಸಿರು ಪಕ್ಷದವರು ಮೈತ್ರಿಗೆ ಬಂದದ್ದೇ, ಸಾಧ್ಯ ಆದಲ್ಲೆಲ್ಲ ಓಪನ್ ಸೋರ್ಸೇ (ಲಿನಕ್ಸಿನ ಹಾಗೆ, ಒಳಗಿನ ಕೋಡನ್ನು ಯಾರು ಬೇಕಾದ್ರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಅಂತ ಒಪ್ಪಂದ. ನಮ್ಮ ಸೊಸೈಟಿಯ ಗೋಡೆ ಪೇಂಟಿಗೂ ಇದಕ್ಕೂ ಎಂತ ವ್ಯತ್ಯಾಸ ಹೇಳಿ.

ಅದೇ 2003ರ ಮೇ ತಿಂಗಳಲ್ಲಿ ನಮ್ಮ ರಾಷ್ಟ್ರಪತಿ ಕಲಾಂ ಪುಣೆಯ ಒಂದು ಕಾರ್ಯಕ್ರಮದಲ್ಲಿ ಭಾರತಕ್ಕೆ ಓಪನ್ ಸೋರ್ಸೇ ಬೇಕು ಅಂತ ಹೇಳಿದ್ರು, ಬಿಲ್ ಗೇಟ್ಸ್ ಬಂದಾಗ ಈ ವಿಷಯದಲ್ಲಿ ಮಾತು ಸ್ವಲ್ಪ ಕಷ್ಟ ಆಯ್ತು ಅಂತಲೂ ಹೇಳಿದ್ರು. ಗೇಟ್ಸ್ 2002ರ ನವೆಂಬರಲ್ಲಿ ಬಂದದ್ದು, ಬಂದವರು 40 ಕೋಟಿ ಡಾಲರ್ ಹಾಕ್ತೇನೆ ಅಂತ ಘೋಷಣೆ ಮಾಡಿ ಹೋದ್ರು. ಕಲಾಂ ಮಾತಿಗೆ ಚಪ್ಪಾಳೆ ಬಿತ್ತು. ಕಾಲೇಜು ಲ್ಯಾಬಿಗೆ ವಿಂಡೋಸ್ ಬಂತು.

ಈಗ ತಲಪಾಡಿ ಕತೆಗೆ ಬರುವ. ನನ್ನ ಅಂಗಡಿಯಿಂದ ತಲಪಾಡಿ ಗೇಟಿಗೆ ಹತ್ತು ಕಿಲೋಮೀಟರೂ ಇಲ್ಲ, ಅದು ದಾಟಿದ್ರೆ ಕೇರಳ. ಆಚೆ ಬದಿಯೂ ಅದೇ ತುಳು, ಅದೇ ಕನ್ನಡ, ಅದೇ ಬಂಗುಡೆ, ಯಕ್ಷಗಾನದ ಮೇಳವೂ ಅದೇ. ಕಂಪ್ಯೂಟರ್ ಮಾತ್ರ ಬೇರೆ. ನನ್ನ ಸ್ವಂತ ಅಕ್ಕನನ್ನು ಕೊಟ್ಟದ್ದು ಅಲ್ಲಿ ಉಪ್ಪಳದ ಹತ್ತಿರ, ಅವಳ ಮಗಳು ಅಲ್ಲಿ ಕನ್ನಡ ಮೀಡಿಯಂ ಹತ್ತನೇ ಕ್ಲಾಸು. ಕ್ರಿಸ್‌ಮಸ್ ರಜೆಗೆ ಬಂದವಳು ಅಂಗಡಿಯಲ್ಲಿ ಒಂದು ಕಸ್ಟಮರ್ ಮಿಷನಿನ ಎದುರು ಕೂತು ಎರಡು ನಿಮಿಷ ಆಚೀಚೆ ನೋಡಿ, "ಮಾಮ, ಇದ್ರಲ್ಲಿ ಟರ್ಮಿನಲ್ ಎಲ್ಲಿ ಉಂಟು?" ಅಂತ ಕೇಳಿದ್ಲು. ಟರ್ಮಿನಲ್ ಅಂದ್ರೆ ಲಿನಕ್ಸಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ. ನನಗೆ ನಗು ತಡೀಲಿಕ್ಕೆ ಆಗ್ಲಿಲ್ಲ. ಈ ಬದಿಯ ಹತ್ತನೇ ಕ್ಲಾಸಿನ ಮಕ್ಕಳು ನನ್ನ ಹತ್ರ ಕೇಳುದು ಗೇಮ್ ಎಲ್ಲಿ ಅಂತ. ಇವಳಿಗೆ ಇಂಕ್‌ಸ್ಕೇಪಲ್ಲಿ ಪೋಸ್ಟರ್ ಮಾಡ್ಲಿಕ್ಕೆ ಬರ್ತದೆ, ಪೈಥಾನಲ್ಲಿ ನಾಲ್ಕು ಸಾಲು ಪ್ರೋಗ್ರಾಮ್ ಬರೀಲಿಕ್ಕೆ ಬರ್ತದೆ, ಅದೂ ಕನ್ನಡದಲ್ಲಿ ಅಚ್ಚಾದ ಐಸಿಟಿ ಪುಸ್ತಕ ನೋಡಿ. ಹುಷಾರಿ ಹುಡುಗಿ ಅಂತ ಅಲ್ಲ (ಹುಷಾರಿಯೇ, ಆದ್ರೆ ಅದು ಬೇರೆ), ಅಲ್ಲಿ ಎಲ್ಲರಿಗೂ ಅದೇ ಪಾಠ, ಎಸ್‌ಎಸ್‌ಎಲ್‌ಸಿಗೆ ಐಟಿ ಪರೀಕ್ಷೆಯೇ ಉಂಟು.

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರು ಆದದ್ದು 2001ರಲ್ಲಿ. ಅದಕ್ಕೆ ವರದಿ ಕೊಟ್ಟ ಸಮಿತಿಯ ಮುಖ್ಯಸ್ಥರು ಯಾರು ಗೊತ್ತುಂಟಾ, ಪ್ರೊಫೆಸರ್ ಯು.ಆರ್. ರಾವ್, ಇಸ್ರೋದ ರಾವ್, ನಮ್ಮ ಉಡುಪಿ ಹತ್ತಿರದ ಅದಮಾರಿನವರು! ನಮ್ಮವರು ಹೇಳಿದ್ದನ್ನು ಆಚೆಯವರು ಕೇಳಿದ್ರು. ಮೊದಮೊದಲಿಗೆ ಅಲ್ಲಿಯೂ ವಿಂಡೋಸೇ ಇದ್ದದ್ದು, ಮತ್ತೆ ಶಿಕ್ಷಕರ ಸಂಘದವರು, ಫ್ರೀ ಸಾಫ್ಟ್‌ವೇರಿನವರು ಸೇರಿ ಗಲಾಟೆ ಮಾಡಿ ಮೆಲ್ಲ ಮೆಲ್ಲ ಲಿನಕ್ಸಿಗೆ ತಂದ್ರು. 2019ರಲ್ಲಿ, ಈಗ ಕೈಟ್ ಅಂತ ಹೆಸರಿರುವ ಅದೇ ಸಂಸ್ಥೆಯವರು ಹೇಳಿದ ಲೆಕ್ಕ, ಎರಡು ಲಕ್ಷದ ಮೇಲೆ ಕಂಪ್ಯೂಟರು, ಲೈಸೆನ್ಸಿಗೆ ಹೋಗ್ಬೇಕಾದ 3,000 ಕೋಟಿ ಉಳಿತಾಯ. ಉಳಿತಾಯದ ಲೆಕ್ಕವನ್ನು ನಾನು ಅಷ್ಟು ನಂಬುದಿಲ್ಲ, ಅಷ್ಟು ದುಡ್ಡು ಕೊಟ್ಟು ಯಾವ ಸರಕಾರವೂ ಶಾಲೆಗೆ ಲೈಸೆನ್ಸ್ ತೆಗೊಳ್ತಿರ್ಲಿಲ್ಲ. ನನಗೆ ಆಶ್ಚರ್ಯ ಆಗುದು ಬೇರೆ ವಿಷಯ. ಅಲ್ಲಿ 2001ರಿಂದ 2016ರವರೆಗೆ ಪ್ರತಿ ಚುನಾವಣೆಗೂ ಸರಕಾರ ಮಗುಚಿ ಬಿದ್ದಿದೆ, ಒಮ್ಮೆ ಕಾಂಗ್ರೆಸಿನವರು ಒಮ್ಮೆ ಎಡದವರು, ಮ್ಯೂನಿಕ್ ಲೆಕ್ಕದಲ್ಲಿ ಲಿನಕ್ಸೂ ಅಷ್ಟೇ ಸಲ ಮಗುಚಬೇಕಿತ್ತಲ್ಲ, ಮಗುಚಲಿಲ್ಲ. ಯಾಕೆ ಅಂದ್ರೆ ಅದು ಪಠ್ಯಪುಸ್ತಕದ ಒಳಗೆ ಹೋಗಿ ಕೂತಿತ್ತು, ಪರೀಕ್ಷೆ ಅದ್ರಲ್ಲೇ ಇತ್ತು, ಸಾವಿರಗಟ್ಟಲೆ ಟೀಚರಿಗೆ ಟ್ರೈನಿಂಗ್ ಆಗಿ ಹೋಗಿತ್ತು, ಇನ್ನು ತೆಗೀಬೇಕಾದ್ರೆ ಇಡೀ ಶಾಲೆಯನ್ನೇ ಅಲುಗಾಡಿಸ್ಬೇಕು. ನಮ್ಮ ಮಾಸ್ಟ್ರ ಸೊಸೈಟಿಯಲ್ಲಿ ಲಿನಕ್ಸ್ ಗೊತ್ತಿದ್ದದ್ದು ನನಗೆ, ಮತ್ತೆ ಇಸ್ಪೀಟ್ ಆಡುವ ಅಕ್ಕನಿಗೆ.

ಕರ್ನಾಟಕದಲ್ಲಿ ಏನೂ ಆಗ್ಲಿಲ್ಲ ಅಂತ ಹೇಳಿದ್ರೆ ತಪ್ಪಾಗ್ತದೆ. ಹೈಸ್ಕೂಲ್ ಟೀಚರುಗಳಿಗೆ ಉಬುಂಟು ಕಲಿಸಿ, ಕೋಯರ್ ಅಂತ ಮುಕ್ತ ಪಾಠಗಳ ಒಂದು ವಿಕಿ ಮಾಡಿದ್ದುಂಟು, ಅದರಲ್ಲಿ ಕೆಲ್ಸ ಮಾಡಿದ ಒಳ್ಳೊಳ್ಳೆ ಮಾಸ್ಟ್ರುಗಳು ನನಗೆ ಗೊತ್ತು. ಆದ್ರೆ ಪರೀಕ್ಷೆಗೆ ಇಲ್ಲದ್ದು ನಮ್ಮಲ್ಲಿ ಯಾರಿಗೆ ಬೇಕು.

ಮತ್ತೊಂದು ತಮಾಷೆ. ಜೂನ್ ಜುಲೈಯಲ್ಲಿ ಮಂಜೇಶ್ವರ, ಹೊಸಂಗಡಿ ಕಡೆಯಿಂದ ಅಪ್ಪಂದಿರು ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ತಾರೆ, "ಇದ್ರಲ್ಲಿ ಮಗ ಎಂತದೋ ಲಿನಕ್ಸ್ ಹಾಕಿದ್ದಾನೆ, ತೆಗ್ದು ವಿಂಡೋಸ್ ಹಾಕಿ, ಮಂಗ್ಳೂರಿನ ಕಾಲೇಜಿಗೆ ಸೀಟ್ ಆಗಿದೆ." ಆ ಹುಡುಗ ಪೈಥಾನ್ ಕಲಿತು ಗೇಟು ದಾಟಿ ಬರ್ತಾನೆ, ಇಲ್ಲಿ ಒಂದು ಕಾಲೇಜಿನ ಲ್ಯಾಬಲ್ಲಿ ಅವನಿಗೆ ನೀಲಿ ಸ್ಕ್ರೀನಿನ ಟರ್ಬೋ ಸಿ ಕೊಡ್ತಾರೆ, ಅವನ ಅಪ್ಪನ ಕಾಲದ್ದು. ನಾನು ದುಡ್ಡು ತೆಗೊಂಡು ಹಾಕಿ ಕೊಡ್ತೇನೆ, ಹೊಟ್ಟೆಪಾಡು. ಹುಡುಗ ಮಾತ್ರ ಪಕ್ಕದಲ್ಲಿ ನಿಂತು ನನ್ನ ಮುಖ ನೋಡ್ತಾ ಇರ್ತಾನೆ, ಆಗ ಸ್ವಲ್ಪ ಒಂಥರಾ ಆಗ್ತದೆ.

ಈ ತಲಪಾಡಿ ಗೆರೆ ಉಂಟಲ್ಲ, 2020ರ ಮಾರ್ಚಲ್ಲಿ ಮಣ್ಣು ಹಾಕಿ ರಸ್ತೆ ಮುಚ್ಚಿದಾಗ ಆಂಬುಲೆನ್ಸಿಗೂ ದಾರಿ ಇರ್ಲಿಲ್ಲ, ಅಕ್ಕನ ಮನೆಯವರು ಪಟ್ಟ ಬಂಙ ನಾನು ಮರೆಯುದಿಲ್ಲ. ಅಂಥ ಗೆರೆಯೇ ಮಕ್ಕಳ ಕಂಪ್ಯೂಟರಿನ ಒಳಗೂ ಹಾದು ಹೋಗಿದೆ, ಅದು ಮಾತ್ರ ಯಾರ ಕಣ್ಣಿಗೂ ಬೀಳುದಿಲ್ಲ.

ಸರಿ, ಈಗ ಸ್ವದೇಶಿ. ಅಧ್ಯಕ್ಷರ ಮೇಲೆ ನಾನು ನಗುದಿಲ್ಲ, ಅವರ ಹೆದರಿಕೆಗೆ ಕಾರಣ ಉಂಟು. 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರಿನ ನಯಾರಾ ರಿಫೈನರಿ, ನಮ್ಮ ಎಂಆರ್‌ಪಿಎಲ್ ತರದ್ದೇ ಅಂತ ಇಟ್ಕೊಳ್ಳಿ, ಅದರಲ್ಲಿ ರಷ್ಯಾದ ರೋಸ್‌ನೆಫ್ಟಿನ ಪಾಲು 49 ಪರ್ಸೆಂಟ್ ಉಂಟು ಅಂತ ಯುರೋಪಿನವರು ನಿರ್ಬಂಧ ಹಾಕಿದ್ರು. ಅದಾಗಿ ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅವರ ಮೈಲ್, ಟೀಮ್ಸ್ ಎಲ್ಲ ಬಂದ್ ಮಾಡಿತು. ದುಡ್ಡು ಕಟ್ಟಿದ ಗಿರಾಕಿ, ನಿರ್ಬಂಧ ಹಾಕಿದ್ದು ಭಾರತ ಅಲ್ಲ, ಅಮೆರಿಕವೂ ಅಲ್ಲ. ಅವರು ಡೆಲ್ಲಿ ಹೈಕೋರ್ಟಿಗೆ ಹೋದ್ರು, ಮತ್ತೆ ಸರ್ವಿಸ್ ವಾಪಸ್ ಬಂತು. ಆದ್ರೆ ಮೇನ್ ಸ್ವಿಚ್ಚು ಯಾರ ಮನೆಯಲ್ಲಿ ಉಂಟು ಅಂತ ಎಲ್ಲರಿಗೂ ಗೊತ್ತಾಯ್ತು. ಅದರ ಮೇಲೆ ಆಗಸ್ಟಲ್ಲಿ ಟ್ರಂಪಿನ 50 ಪರ್ಸೆಂಟ್ ಸುಂಕ, ಸೆಪ್ಟೆಂಬರಲ್ಲಿ ಎಚ್‌1ಬಿಗೆ ಲಕ್ಷ ಡಾಲರ್ ಫೀಸು. ಪ್ರಧಾನಿ ಸ್ವದೇಶಿ ಅಂದ್ರು, ಅಶ್ವಿನಿ ವೈಷ್ಣವ್ ನಾನು ಝೋಹೋಕ್ಕೆ ಹೋದೆ ಅಂದ್ರು, ಅಕ್ಟೋಬರಲ್ಲಿ ಅಮಿತ್ ಶಾ ಮೈಲ್ ಐಡಿ ಬದಲಾಯಿಸಿದ್ರು, ಕೇಂದ್ರದ 12 ಲಕ್ಷ ನೌಕರರ ಮೈಲ್ ಝೋಹೋ ಮಾಡಿದ ವ್ಯವಸ್ಥೆಗೆ ಹೋಯ್ತು ಅಂತ ಸುದ್ದಿ ಬಂತು. ನಮ್ಮ ಊರಲ್ಲಿ ಆ ತಿಂಗಳು ಎಲ್ಲರ ಫೋನಿಗೂ ಝೋಹೋದವರದ್ದೇ ಚಾಟ್ ಆ್ಯಪ್ ಅರಟ್ಟೈ ಬಂತು. ಈಗ ತೆಗ್ದು ನೋಡಿ, ಗುಡ್ ಮಾರ್ನಿಂಗ್ ಕಳಿಸುವವರೂ ಇಲ್ಲ.

ಝೋಹೋ ಒಳ್ಳೇ ಕಂಪೆನಿ, ಅದರಲ್ಲಿ ನನಗೆ ಸಂಶಯ ಇಲ್ಲ, ತೆಂಕಾಸಿಯಂಥ ಹಳ್ಳಿ ಕಡೆ ಆಫೀಸ್ ಮಾಡಿ ಪ್ರಪಂಚಕ್ಕೆ ಮಾರ್ತಾರೆ, ಹೆಮ್ಮೆಯೇ. ಆದ್ರೆ ಅದು ಓಪನ್ ಸೋರ್ಸ್ ಅಲ್ಲ. ಸ್ವಿಚ್ಚು ಅಮೆರಿಕದಿಂದ ತಮಿಳ್ನಾಡಿಗೆ ಬಂತು, ನಮ್ಮ ಸೊಸೈಟಿಯ ಗೋಡೆಗೆ ಬರ್ಲಿಲ್ಲ. ಇದೆರಡನ್ನು ಒಂದೇ ಅಂತ ತಿಳ್ಕೊಂಡಿರುವವರು ತುಂಬ ಜನ, ಟಿವಿಯವರೂ ಹಾಗೇ ಹೇಳ್ತಾರೆ. ಕೇಂದ್ರ ಸರಕಾರವೇ 2015ರಲ್ಲಿ ಓಪನ್ ಸೋರ್ಸ್ ಪಾಲಿಸಿ ಅಂತ ಹೊರಡಿಸಿತ್ತು, ಸರಕಾರಿ ಕೆಲ್ಸಕ್ಕೆ ಮೊದಲ ಆದ್ಯತೆ ಓಪನ್ ಸೋರ್ಸಿಗೆ, ಬೇಡ ಅಂದ್ರೆ ಯಾಕೆ ಬೇಡ ಅಂತ ಕಾರಣ ಬರೀಬೇಕು ಅಂತ. ಯಾರೂ ಅದನ್ನು ವಾಪಸ್ ತೆಗೊಂಡಿಲ್ಲ. ಈ ಸ್ವದೇಶಿ ಗೌಜಿಯಲ್ಲಿ ಅದರ ಹೆಸರು ಎತ್ತಿದವರು ನನಗಂತೂ ಸಿಗ್ಲಿಲ್ಲ.

ಇನ್ನು ಬಣ್ಣದ ವಿಷಯ. ಸೊಸೈಟಿಯ ಒಬ್ಬರು ಡೈರೆಕ್ಟರು ಮೊನ್ನೆ ಹೋಟೆಲಲ್ಲಿ ಸಿಕ್ಕಿ, "ಲಿನಕ್ಸ್ ಕೇರಳದವರದ್ದಲ್ವಾ, ಅದು ಕಮ್ಯುನಿಸ್ಟರ ಸಾಫ್ಟ್‌ವೇರ್" ಅಂದ್ರು. ನಾನು ಹೇಳಿದೆ, 2023ರಲ್ಲಿ ರಾಜನಾಥ್ ಸಿಂಗರ ರಕ್ಷಣಾ ಇಲಾಖೆ ಮಾಯಾ ಅಂತ ತಂದದ್ದುಂಟಲ್ಲ, ಅದೂ ಉಬುಂಟು ಮೇಲೆ ಕಟ್ಟಿದ್ದೇ. ಫ್ರಾನ್ಸಿನ ಪೊಲೀಸರದ್ದೂ ಉಬುಂಟು, 2008ರಿಂದ. ಜರ್ಮನಿಯಲ್ಲೇ ಶ್ಲೆಸ್ವಿಗ್ ಹೋಲ್‌ಸ್ಟೈನ್ ಅಂತ ಒಂದು ರಾಜ್ಯ, ಅಲ್ಲಿ ಮುಖ್ಯಮಂತ್ರಿ ಬಲದ ಸಿಡಿಯು ಪಕ್ಷದವರು, 40 ಸಾವಿರದ ಮೇಲೆ ಮೈಲ್ ಬಾಕ್ಸನ್ನು 2025ರ ಅಕ್ಟೋಬರಿಗೆ ಔಟ್‌ಲುಕ್ಕಿಂದ ತೆಗ್ದು ಓಪನ್ ಸೋರ್ಸಿಗೆ ತಂದು ಮುಗಿಸಿದ್ರು. ಗ್ರೀನ್‌ಲೆಂಡ್ ಬೇಕು ಅಂತ ಟ್ರಂಪ್ ಹಿಂದೆ ಬಿದ್ದ ಮೇಲೆ ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯ ಮೈಕ್ರೋಸಾಫ್ಟ್ ಆಫೀಸ್ ಬಿಟ್ಟು ಓಪನ್ ಸೋರ್ಸಿನ ಲಿಬ್ರೆ ಆಫೀಸಿಗೆ ಹೋಗ್ತೇವೆ ಅಂತ ಹೇಳಿತು. ಉತ್ತರ ಕೊರಿಯಾದ ರೆಡ್ ಸ್ಟಾರೂ ಲಿನಕ್ಸೇ ಮಾರ್ರೆ. ಕುಚ್ಚಲಕ್ಕಿ ಒಂದೇ, ಒಬ್ಬರ ಮನೆಯಲ್ಲಿ ಗಂಜಿ, ಇನ್ನೊಬ್ಬರ ಮನೆಯಲ್ಲಿ ಪುಂಡಿ. ಅವರು ಬನ್ಸ್ ಮುರೀತಾ "ಓಹೋ" ಅಂದ್ರು. ಆ ಓಹೋಕ್ಕೆ ಅರ್ಥ ಎಂತ ಅಂತ ಗೊತ್ತಾಗ್ಲಿಲ್ಲ.

ಹಾಗಂತ ಲಿನಕ್ಸಿಗೆ ರಾಜಕೀಯ ತಾಗುದೇ ಇಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗ್ತದೆ. ಹುಟ್ಟಿದ್ದು 1991ರಲ್ಲಿ ಫಿನ್ಲೆಂಡಲ್ಲಿ, ಅದನ್ನು ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಈಗ ಇರುದು ಅಮೆರಿಕದಲ್ಲಿ. 2024ರ ಅಕ್ಟೋಬರಲ್ಲಿ ಲಿನಕ್ಸಿನ ತಿರುಳಾದ ಕರ್ನಲನ್ನು ನೋಡಿಕೊಳ್ಳುವ ಮೇಂಟೇನರುಗಳ ಪಟ್ಟಿಯಿಂದ ಸುಮಾರು ಹತ್ತು ಹನ್ನೆರಡು ರಷ್ಯನ್ನರ ಹೆಸರು ತೆಗೆದು ಹಾಕಿದ್ರು, ಕಾನೂನಿನ ಕಾರಣ ಅಂತ. ವರ್ಷಗಟ್ಟಲೆ ಕೆಲ್ಸ ಮಾಡಿದವರು, ಒಂದು ಸಾಲು ವಿವರಣೆಯೂ ಸರಿಯಾಗಿ ಕೊಡ್ಲಿಲ್ಲ, ಕೇಳಿದವರಿಗೆ ಲಿನಸ್ ನಾನು ಫಿನ್ಲೆಂಡಿನವ, ನಮಗೆ ರಷ್ಯಾ ಎಂತ ಅಂತ ಗೊತ್ತುಂಟು ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ರು. ನನಗೆ ಅದು ಸರಿ ಕಾಣ್ಲಿಲ್ಲ. ಆದ್ರೆ ನಯಾರಾಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಂಟು, ಆ ರಷ್ಯನ್ನರ ಮನೆಯ ಕಂಪ್ಯೂಟರಲ್ಲಿ ಲಿನಕ್ಸ್ ಅವತ್ತೂ ಓಡಿತು, ಮರುದಿನವೂ ಓಡಿತು. ಕೋಡ್ ಅವರ ಹತ್ರವೇ ಉಂಟು, ಬೇಕಾದ್ರೆ ಬೇರೆ ಒಲೆ ಹೂಡ್ಲಿಕ್ಕೆ ಯಾರ ಅಪ್ಪಣೆಯೂ ಬೇಡ.

ಸ್ವದೇಶಿ ಅಂದ್ರೆ ನನಗೆ ನೆನಪಾಗುದು ಕಿನ್ನಿಕಂಬಳದ ಕೆ.ಪಿ. ರಾವ್. ಇವತ್ತು ನೀವು ಕನ್ನಡ ಟೈಪ್ ಮಾಡುವ ಕೀಬೋರ್ಡ್ ಲೇಔಟಿಗೆ ಮೂಲ ಅವರದ್ದು, ಸರಕಾರ ಒಪ್ಪಿಕೊಂಡದ್ದೂ ಅದನ್ನೇ, ಸೇಡಿಯಾಪು ಅಂತ ಸಾಫ್ಟ್‌ವೇರ್ ಮಾಡಿದ್ರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಲ್ಲಿ. ಮಂಗ್ಳೂರಿಂದ ಸ್ವಲ್ಪ ದೂರ ಅಷ್ಟೇ ಆ ಊರು, ನಮ್ಮ ಸ್ವದೇಶಿ ಭಾಷಣದಲ್ಲಿ ಒಬ್ಬನ ಬಾಯಲ್ಲೂ ಆ ಹೆಸರು ಬರುದಿಲ್ಲ. 2024ರ ಸೆಪ್ಟೆಂಬರಲ್ಲಿ ತುಳು ತಿಗಳಾರಿ ಲಿಪಿ ಯುನಿಕೋಡ್ 16ಕ್ಕೆ ಸೇರಿತು, ಅದಕ್ಕೂ ಊರಲ್ಲಿ ಒಂದು ಪಟಾಕಿ ಹೊಡೀಲಿಲ್ಲ.

ಇಷ್ಟೆಲ್ಲ ಮಂಡೆಯಲ್ಲಿ ತುಂಬಿಕೊಂಡು ಶನಿವಾರ ಸಂಜೆ ಸೊಸೈಟಿಗೆ ಹೋದೆ. ಚಾ, ಗೋಳಿಬಜೆ, ಏಳು ಜನ ಡೈರೆಕ್ಟರು. ಅಧ್ಯಕ್ಷರು ನೇರ ವಿಷಯಕ್ಕೇ ಬಂದ್ರು, "ಯಾವ ದೇಶದ್ದು ಅಂತ ಕೇಳಿದ್ದೆ." ಮ್ಯೂನಿಕ್ ಎಲ್ಲ ಹೇಳಿದ್ರೆ ಆಗ್ಲಿಕ್ಕಿಲ್ಲ ಅಂತ ಅವರ ಮುಖ ನೋಡಿಯೇ ಗೊತ್ತಾಯ್ತು. ಅದಕ್ಕೆ ಹೇಳಿದೆ, "ಸಾರ್, ನಮ್ಮ ಭಜನಾ ಮಂದಿರದ ದೊಡ್ಡ ಕೊಪ್ಪರಿಗೆ ಉಂಟಲ್ಲ, ಅದು ಯಾರದ್ದು? ಊರಲ್ಲಿ ಯಾರ ಮನೆ ಮದುವೆಗೂ ಕೊಂಡು ಹೋಗ್ತಾರೆ, ಹಿಡಿ ತುಂಡಾದ್ರೆ ಕೊಂಡು ಹೋದವ ಬೆಸುಗೆ ಹಾಕಿಸ್ತಾನೆ, ಮುಂದಿನ ಮನೆಯವನಿಗೂ ಅದರ ಉಪಕಾರ ಆಗ್ತದೆ. ಹಾಗೆ."

ಒಳ್ಳೇ ಉದಾಹರಣೆ ಕೊಟ್ಟೆ ಅಂತ ನಾನು ಚಾ ಎತ್ತಿದೆ. ಅಧ್ಯಕ್ಷರ ಮುಖ ಕೆಂಪಾಯ್ತು. "ಆ ಕೊಪ್ಪರಿಗೆ ಈಗ ಎಲ್ಲಿ ಉಂಟು ಗೊತ್ತುಂಟಾ ನಿಮಗೆ? ಹಳೇ ಕಮಿಟಿಯವರ ಮನೆಯಲ್ಲಿ! ಎರಡು ವರ್ಷ ಆಯ್ತು, ಲೆಕ್ಕವೂ ಕೊಡ್ಲಿಲ್ಲ, ಕೊಪ್ಪರಿಗೆಯೂ ಕೊಡ್ಲಿಲ್ಲ." ಅಲ್ಲಿಗೆ ಶುರುವಾಯ್ತು ನೋಡಿ, ಮುಕ್ಕಾಲು ಗಂಟೆ ಭಜನಾ ಮಂದಿರದ್ದೇ ಮಾತು, ತುಳುವಲ್ಲಿ, ಏರಿದ ಸ್ವರದಲ್ಲಿ, ನನ್ನ ಗೋಳಿಬಜೆ ತಣ್ಣಗಾಯ್ತು. ಕೊನೆಗೆ ಸೆಕ್ರೆಟರಿಯವರೇ ನೆನಪು ಮಾಡಿ, ಹೇಗೂ ಸೊಸೈಟಿ ಚುನಾವಣೆ ಹತ್ತಿರ ಬಂತು, ಆ ಮೇಲೆ ನೋಡುವ, ಅಷ್ಟರವರೆಗೆ ಒಂದು ಸಿಪಿಯು ಕೊಂಡು ಹೋಗಿ ಟ್ರಯಲ್ ಮಾಡಿ ತೋರಿಸಿ ಅಂದ್ರು. ಹೊರಡುವಾಗ ಬಾಗಿಲ ಹತ್ರ ಕ್ಯಾಶಿನ ಅಕ್ಕ, ಈಗ ಅವಳ ಕೂದಲೆಲ್ಲ ನೆರೆತಿದೆ, ಮೆಲ್ಲ ಕೇಳಿದ್ಲು, "ಆ ಇಸ್ಪೀಟ್ ಇದ್ರಲ್ಲಿಯೂ ಬರ್ತದಲ್ವಾ?"

ಸಿಪಿಯುವನ್ನು ಸ್ಕೂಟರಿನ ಎದುರು ಇಟ್ಕೊಂಡು, ಹಳೇ ಪಾಸ್‌ಬುಕ್ ಪ್ರಿಂಟರನ್ನು ಹಿಂದೆ ಕಟ್ಟಿ ತಂದೆ. ಉಪ್ಪಳದ ಅಕ್ಕನ ಮಗಳು ಅರ್ಕಾವೊತ್ತಿನ ಆ ಹಳೇ ಕನ್ವರ್ಟರ್ ಪ್ರೋಗ್ರಾಮ್ ನೋಡಿ "ಮಾಮ, ಇದು ಸಣ್ಣದಲ್ವಾ" ಅಂತ ಪೈಥಾನಲ್ಲಿ ಎಂತದೋ ಗೀಚ್ತಾ ಕೂತ್ಲು, ಅರ್ಧ ಗಂಟೆಯಲ್ಲಿ ಕಾರ್ಯದರ್ಶಿ ಕಾರ್ಯದರ್ಶಿಯೇ ಆಗಿ ಬಂದ್ರು, 'ಅರ್ಜಿ' ಮಾತ್ರ ಇನ್ನೂ 'ಅಜಿರ್' ಅಂತ ಬರ್ತಾ ಉಂಟು. ಪ್ರಿಂಟರ್ ರಾತ್ರಿ ಹತ್ತೂವರೆಗೆ ಬಾಯಿ ಬಿಟ್ಟಿತು, ಕರಕರ ಅಂತ ಒಂದು ಎಂಟ್ರಿ ಹೊಡೀತು, ಗೆರೆಯಿಂದ ಎರಡು ಸಾಲು ಮೇಲೆ. ನಾಳೆ ಮಾರ್ಜಿನ್ ನೋಡ್ಬೇಕು.